ಮಗ್ಗದ ಶೆಡ್‌ನ ಸದ್ದು, ಶ್ರವಣ ನಷ್ಟ: ಅಧ್ಯಯನದಲ್ಲಿ ಏನೇನು ಅಳೆಯಬೇಕು?

ಪ್ರಶ್ನೆ – ಆಡಿಯಾಲಜಿ ವಿದ್ಯಾರ್ಥಿನಿ
ದೊಡ್ಡಬಳ್ಳಾಪುರದ ಪವರ್‌ಲೂಮ್ ಕಾರ್ಮಿಕರ ಶ್ರವಣ ನಷ್ಟದ ಬಗ್ಗೆ ಎಂ.ಎಸ್‌ಸಿ. ಪ್ರಬಂಧದ ರೂಪರೇಷೆ ಸಿದ್ಧವಾಗುತ್ತಿದೆ. ಎಲ್ಲವೂ ಲಾಳಿ ಓಡುವ ಹಳೆಯ ಮಗ್ಗಗಳು. ಸೌಂಡ್ ಲೆವೆಲ್ ಮೀಟರ್ ರೀಡಿಂಗ್ ಮತ್ತು ಆಡಿಯೋಗ್ರಾಂ (ಒಂದೊಂದು ಆವರ್ತನದಲ್ಲಿ ಎಷ್ಟು ಮೆಲ್ಲನೆಯ ಸದ್ದು ಕೇಳಿಸುತ್ತದೆ ಎಂಬ ನಕ್ಷೆ) ಸಾಕೇ? ಈಗಿನ ಸಂಶೋಧನೆ ಯಾವ ಕಡೆ ಹೊರಳಿದೆ? 'ಹಿಡನ್ ಹಿಯರಿಂಗ್ ಲಾಸ್' (ಆಡಿಯೋಗ್ರಾಂ ಸರಿಯಿದ್ದರೂ ಇರುವ ಶ್ರವಣ ತೊಂದರೆ) ಸೇರಿಸಬಹುದೇ?

ಉತ್ತರ 1 – ಕೈಗಾರಿಕಾ ಸುರಕ್ಷತೆ
ಸಾಲದು ಮೇಡಂ. ಕಾರ್ಮಿಕರು ಮಗ್ಗದಿಂದ ಮಗ್ಗಕ್ಕೆ ಓಡಾಡುತ್ತಿರುತ್ತಾರೆ. ಭುಜಕ್ಕೆ ಮೈಕ್ ಸಿಕ್ಕಿಸಿದ ಡೋಸಿಮೀಟರ್ (ಕಿವಿಗೆ ಬಿದ್ದ ಒಟ್ಟು ಸದ್ದನ್ನು ಅಳೆಯುವ ಸಾಧನ) ಇಡೀ ಪಾಳಿ ಇರಲಿ. ಯಾವ ಎಕ್ಸ್‌ಚೇಂಜ್ ರೇಟ್ (ಸದ್ದು ಎಷ್ಟು ಡೆಸಿಬೆಲ್ ಏರಿದರೆ ಅದರಲ್ಲಿ ಇರಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ ಎಂಬ ಲೆಕ್ಕ) ಎಂದು ಬರೆಯದಿದ್ದರೆ ಆ ಅಂಕಿಗೆ ಬೆಲೆಯೇ ಇಲ್ಲ. ನಮ್ಮ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ 90 ಡಿಬಿಎ (ಕಿವಿಯ ಗ್ರಹಿಕೆಗೆ ಹೊಂದಿಸಿದ ಡೆಸಿಬೆಲ್), 5 ಡಿಬಿ ಲೆಕ್ಕ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಷ್‌ನ 1998ರ ಶಿಫಾರಸಿನಲ್ಲಿ 85 ಡಿಬಿಎ, 3 ಡಿಬಿ. ಹಾಗಾಗಿ 100 ಡಿಬಿಎ ಸದ್ದಿನಲ್ಲಿ ಮೊದಲನೆಯದು 2 ಗಂಟೆ ಬಿಡುತ್ತದೆ, ಎರಡನೆಯದು ಬರೀ 15 ನಿಮಿಷ.

ನಿಮ್ಮ ವಿಷಯಕ್ಕೆ ನಿಜವಾಗಿ ಹೊಂದುವುದು ಕರ್ಟೋಸಿಸ್, ಅಂದರೆ ಸದ್ದಿನಲ್ಲಿ ಹಠಾತ್ ಪೆಟ್ಟುಗಳು ಎಷ್ಟು ಬೆರೆತಿವೆ ಎಂಬುದರ ಅಳತೆ. ಸರಾಸರಿ ಡೆಸಿಬೆಲ್ ಒಂದೇ ಇದ್ದರೂ, ಲಾಳಿ ಬಡಿದಂಥ ಪೆಟ್ಟುಗಳು ಬೆರೆತ ಸದ್ದು ಏಕರೂಪದ ಸದ್ದಿಗಿಂತ ಹೆಚ್ಚು ಹಾನಿ ಮಾಡುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳೂ ಚೀನಾದ ಕಾರ್ಮಿಕರ ಅಧ್ಯಯನಗಳೂ ತೋರಿಸಿವೆ. ಗಾಸಿಯನ್ (ಪೆಟ್ಟುಗಳಿಲ್ಲದ ಏಕರೂಪದ) ಸದ್ದಿಗೆ ಕರ್ಟೋಸಿಸ್ 3. ಪೆಟ್ಟು ಹೆಚ್ಚಿದಷ್ಟೂ ಅದು ಏರುತ್ತದೆ. ಸಾಮಾನ್ಯ ಡೋಸಿಮೀಟರ್ ಮಟ್ಟವನ್ನಷ್ಟೇ ಉಳಿಸಿಕೊಳ್ಳುವುದರಿಂದ 48 ಕಿಲೋಹರ್ಟ್ಸ್‌ನಲ್ಲಿ ಸದ್ದನ್ನೇ ರೆಕಾರ್ಡ್ ಮಾಡಬೇಕು. ಫೋನ್ ಮೈಕ್ ಬೇಡ. ಪೆಟ್ಟಿನ ತುದಿ ಕತ್ತರಿಸಿಹೋಗಿ ಕರ್ಟೋಸಿಸ್ ತಪ್ಪಾಗಿ ಕಡಿಮೆ ಬರುತ್ತದೆ.

ಉತ್ತರ 2 – ಆಡಿಯಾಲಜಿಸ್ಟ್
ಹಿಡನ್ ಹಿಯರಿಂಗ್ ಲಾಸ್ ಬಗ್ಗೆ ಹೇಳುವುದಾದರೆ, 2009ರಲ್ಲಿ ಸಂಶೋಧಕರಾದ ಕುಜಾವಾ ಮತ್ತು ಲಿಬರ್ಮನ್ ಇಲಿಗಳಲ್ಲಿ ತೋರಿಸಿದ್ದು ಇದು: ಜೋರು ಸದ್ದಿನ ನಂತರ ಶ್ರವಣ ಮಟ್ಟ ಪೂರ್ತಿ ಮರಳಿದರೂ ಸದ್ದನ್ನು ಗ್ರಹಿಸುವ ಒಳ ರೋಮಕೋಶ ಮತ್ತು ನರದ ನಡುವಿನ ಸಂಪರ್ಕಗಳಾದ ಸಿನಾಪ್ಸ್‌ಗಳು ಕೆಲವು ಭಾಗಗಳಲ್ಲಿ ಅರ್ಧದಷ್ಟು ನಾಶವಾಗಿದ್ದವು. ಮನುಷ್ಯರಲ್ಲಿ ಫಲಿತಾಂಶಗಳು ಇನ್ನೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಸದ್ದಿಗೆ ಶ್ರವಣ ನರ, ಮಿದುಳುಕಾಂಡ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಎಬಿಆರ್‌ನ ಮೊದಲ ಅಲೆಯ ಎತ್ತರ ಒಬ್ಬರಿಂದ ಒಬ್ಬರಿಗೆ ವಿಪರೀತ ಬದಲಾಗುತ್ತದೆ. ಒಂದು ಪ್ರಬಂಧದಲ್ಲಿ ಅದನ್ನು ಸಾಬೀತು ಮಾಡಲು ಹೊರಡಬೇಡಿ. ಗದ್ದಲದಲ್ಲಿ ಮಾತು ಗ್ರಹಿಸುವ ಪರೀಕ್ಷೆ ಸೇರಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಸಿದ್ಧಪಡಿಸಿದ ಕನ್ನಡ ವಾಕ್ಯಪಟ್ಟಿಗಳಿವೆ.

ಆಡಿಯೋಗ್ರಾಂನಲ್ಲಿ 3000, 6000 ಹರ್ಟ್ಸ್ ಬಿಡಬೇಡಿ. ಸದ್ದಿನಿಂದ ಹಾನಿಯಾಗಿದ್ದರೆ ಆಡಿಯೋಗ್ರಾಂನ ಗೆರೆ 3000ರಿಂದ 6000ದೊಳಗೆ ಗುಳಿ ಬಿದ್ದು 8000ದಲ್ಲಿ ಮೇಲೇಳುತ್ತದೆ. ಪರೀಕ್ಷೆಗೆ ಮೊದಲು ಕನಿಷ್ಠ 14 ಗಂಟೆ ಸದ್ದಿನಿಂದ ದೂರವಿರಬೇಕು, ಇಲ್ಲದಿದ್ದರೆ ತಾತ್ಕಾಲಿಕ ನಷ್ಟವನ್ನೂ ಶಾಶ್ವತವೆಂದು ಎಣಿಸಿಬಿಡುತ್ತೀರಿ. ವಾರದ ರಜೆಯ ಮಾರನೇ ಬೆಳಿಗ್ಗೆ, ಪಾಳಿಗೆ ಮುಂಚೆಯೇ ಮಾಡಿ. ಮೊದಲು ಕಿವಿಯ ಗುಗ್ಗೆ ನೋಡಿ. ಶೆಡ್ ಪಕ್ಕದ ಕೋಣೆಯಂತೂ ಬೇಡವೇ ಬೇಡ, 500 ಹರ್ಟ್ಸ್‌ನ ರೀಡಿಂಗ್ ಕೆಡುತ್ತದೆ.

ಉತ್ತರ 3 – ಕೈಗಾರಿಕಾ ಆರೋಗ್ಯ
ಇಯರ್‌ಪ್ಲಗ್ 'ಹಾಕುತ್ತೀರಾ?' ಎಂದಷ್ಟೇ ಕೇಳಬೇಡಿ, ಎಷ್ಟು ಹೊತ್ತು ತೆಗೆದಿರುತ್ತಾರೆ ಎಂದೂ ಕೇಳಿ. 30 ಡಿಬಿ ತಡೆಯುವ ಪ್ಲಗ್ಗನ್ನು 8 ಗಂಟೆಯ ಪಾಳಿಯಲ್ಲಿ ಅರ್ಧ ಗಂಟೆ ತೆಗೆದರೆ, 3 ಡಿಬಿ ಲೆಕ್ಕದಲ್ಲಿ ಉಳಿಯುವ ರಕ್ಷಣೆ ಸುಮಾರು 12 ಡಿಬಿ ಮಾತ್ರ. ಪೊಟ್ಟಣದ ಮೇಲಿನ ಅಂಕಿಯನ್ನು ನಂಬುವ ಬದಲು ಒಬ್ಬೊಬ್ಬರ ಕಿವಿಯಲ್ಲೇ ಫಿಟ್ ಟೆಸ್ಟ್ ಮಾಡುವತ್ತ ಈಗ ಸಂಶೋಧನೆ ಸಾಗಿದೆ. ಫೋಮ್ ಪ್ಲಗ್ಗನ್ನು ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಅದು ಅರಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಎದುರಿನಿಂದ ನೋಡಿದಾಗ ಪ್ಲಗ್ ಹೊರಗೆ ಚಾಚಿಕೊಂಡಿದ್ದರೆ ಅದು ಒಳಗೆ ಕೂತಿಲ್ಲ.