ಕಡಕ್ ರೊಟ್ಟಿ ಮೆತ್ತಗಾದರೆ ಆ ದಿನ ಕೆಲಸ ಬಂದ್

ಕಾಕಾ, ನಮಸ್ಕಾರ. ಮಲೇಷ್ಯಾದ ಲಂಕಾವಿ ದ್ವೀಪದಲ್ಲಿರೋ ನಮ್ಮ ಹಾಯಿದೋಣಿ ಬಗ್ಗೆ ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ ಮಾತನ್ನು ಎರಡು ಸಲ ಕೇಳಿದೆ. "ನಲವತ್ತು ವರ್ಷದ ಹಳೇ ಬೋಟು, ಅದೂ ಕೊಳೆತದ್ದು. ಅದರೊಳಗೇ ಸಂಸಾರ, ದುಡಿದಿದ್ದೆಲ್ಲ ಅದಕ್ಕೇ. ಮಾರಿ ನವನಗರದಲ್ಲಿ ಒಂದು ಸೈಟ್ ತಗೋಬಾರದಾ?" ಅಂದಿರಿ. ಕಾಳಜಿಯಿಂದ ಕೇಳಿದಿರಿ, ಗೊತ್ತು. ಟೈಪ್ ಮಾಡಿದರೆ ಅರ್ಧ ಮಾತು ಉಳಿದುಹೋಗುತ್ತೆ, ಅದಕ್ಕೇ ಮಾತಾಡಿಯೇ ಹೇಳುತ್ತಿದ್ದೇನೆ. ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಕೇಳಿ. ಹಿಂದೆ ಟಪಟಪ ಅಂತ ಕೇಳೋದು ಅವ್ವ ರೊಟ್ಟಿ ಬಡಿಯೋ ಸಪ್ಪಳ.

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ನೀವು ಹೇಳಿದ್ದು ಸರಿ. ಹಳೇ ಬೋಟಿಗೆ ಹಾಕಿದ ದುಡ್ಡು ಮಾರುವಾಗ ವಾಪಸ್ ಬರಲ್ಲ. ಗೊತ್ತಿದ್ದೇ ತಗೊಂಡಿದ್ದೇವೆ. ಸಾಲ ಮಾಡಿಲ್ಲ, ಮನೆ ಬಾಡಿಗೆ ಇಲ್ಲ. ನಮ್ಮ ಮನೆಯವರು ಹದಿನೈದು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವರು, ಅರ್ಧಕ್ಕಿಂತ ಜಾಸ್ತಿ ಕೆಲಸ ನಮ್ಮ ಕೈಯಿಂದಲೇ ಆಗುತ್ತೆ. ದುಡ್ಡಿನದು ಇಷ್ಟೇ.

ಈಗ ಕೊಳೆತದ್ದು ಅನ್ನೋ ಮಾತಿಗೆ ಬರುತ್ತೇನೆ. ಹಳೇ ಬಾಗಲಕೋಟೆಯ ನಮ್ಮ ಮನೆ ನಿಮಗೆ ನನಗಿಂತ ಚೆನ್ನಾಗಿ ನೆನಪಿರುತ್ತೆ. ಆಲಮಟ್ಟಿ ಹಿನ್ನೀರಿಗೆ ಹೋದದ್ದು. ಮಣ್ಣಿನ ಮಾಳಿಗೆ. ಮಿರಗದ ಮಳೆಗೆ ಮುಂಚೆ ಅಜ್ಜ ನಿಮ್ಮನ್ನು ಕರಕೊಂಡು ಮೇಲೆ ಹತ್ತುತ್ತಿದ್ದರು. ಸವಳು ಮಣ್ಣು ಹರಡಿ, ತುಳಿದು, ಬೆಳಕಿಂಡಿ ಸುತ್ತ ಕಟ್ಟೆ ಕಟ್ಟಿ ಇಳಿಯುತ್ತಿದ್ದಿರಿ. ಆದರೂ ಒಂದು ವರ್ಷ ದೇವರ ಕೋಣೆಯಲ್ಲಿ ಹನಿ ಬಿತ್ತು. ಅದರ ಮೇಲೆ ಎಷ್ಟು ಮಣ್ಣು ಹಾಕಿದರೂ ನಿಲ್ಲಲಿಲ್ಲ. ಕೊನೆಗೆ ನೋಡಿದರೆ ನೀರು ಇಳಿದಿದ್ದು ಪಡಸಾಲೆಯ ಬೆಳಕಿಂಡಿ ಹತ್ತಿರ. ಜಂತಿ ಹಿಡಿದು ಹರಿದುಕೊಂಡು ಹೋಗಿ ದೇವರ ಕೋಣೆಯಲ್ಲಿ ತೊಟ್ಟಿಕ್ಕುತ್ತಿತ್ತು. ನಾನಾಗ ಸಣ್ಣವಳು. ಕೆಳಗೆ ತಂಬಿಗೆ ಇಟ್ಟು ಹನಿ ಎಣಿಸುತ್ತಾ ಕೂತಿದ್ದು ನೆನಪಿದೆ.

ಬೋಟಿನ ಡೆಕ್ಕು ಅಂದರೆ ಥೇಟ್ ಆ ಮಾಳಿಗೆ, ಕಾಕಾ. ಮೇಲೊಂದು ಕೆಳಗೊಂದು ಫೈಬರ್ ಪದರ, ನಡುವೆ ಬಾಲ್ಸಾ ಅನ್ನೋ ತೀರಾ ಹಗುರ ಕಟ್ಟಿಗೆ. ಕಂಬಿ, ಹಗ್ಗದ ಕೊಕ್ಕೆ, ಕಿಂಡಿಯ ಚೌಕಟ್ಟು, ಇವಕ್ಕೆಲ್ಲ ಡೆಕ್ಕು ತೂತು ಮಾಡಿ ಬೋಲ್ಟ್ ಹಾಕಿರುತ್ತಾರೆ. ನಮ್ಮದು 1982ರ ಬೋಟು. ಆ ಬೋಲ್ಟುಗಳ ಸುತ್ತ ನೀರು ಇಳಿಯದ ಹಾಗೆ ಹಚ್ಚಿದ ಸೀಲಂಟ್ ಯಾವಾಗಲೋ ಒಣಗಿ ಬಿರುಕು ಬಿಟ್ಟಿದೆ. ಅಲ್ಲಿಂದ ಮಳೆ ನೀರು ಇಳಿದು ಕಟ್ಟಿಗೆಗೆ ಸೇರುತ್ತೆ. ಸಮುದ್ರದ ಉಪ್ಪುನೀರು ಕಟ್ಟಿಗೆಯನ್ನು ಅಷ್ಟು ಬೇಗ ಕೊಳೆಸಲ್ಲ, ಕೊಳೆಸೋದು ಮಳೆಯ ಸಿಹಿನೀರು. ನೀವೆಲ್ಲ ಸಮುದ್ರಕ್ಕೆ ಹೆದರುತ್ತೀರಿ. ನಮ್ಮನ್ನು ಈ ಎರಡು ವರ್ಷ ಕಾಡಿದ್ದು ಆಕಾಶದಿಂದ ಬಿದ್ದ ನೀರು.

ಲಂಕಾವಿಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಜೋರು ಮಳೆ. ಮೊದಲ ವರ್ಷ ನಾನು ಮಲಗೋ ಕಡೆ, ಸರಿಯಾಗಿ ಮೊಣಕಾಲಿನ ಮೇಲೆ ಹನಿ. ರಾತ್ರಿ ಮೂರು ಗಂಟೆಗೆ ಎದ್ದು ಇವರು ಟಾರ್ಚ್ ಹಿಡಿದು ಡೆಕ್ಕಿನ ಮೇಲೆ ಮಳೆಯಲ್ಲಿ ಕೂತರು, ನಾನು ಒಳಗೆ ಛತ್ತಿನ ಹಲಗೆ ಬಿಚ್ಚಿ ಒಣಬಟ್ಟೆ ಒತ್ತುತ್ತಾ ಹೋದೆ. ಎಲ್ಲಿ ಬಟ್ಟೆ ಒದ್ದೆಯಾಯಿತೋ ಅಲ್ಲಿಗೆ ಚಾಕ್ ಗುರುತು. ಹೀಗೆ ಮೂರು ರಾತ್ರಿ. ನನ್ನ ಮೊಣಕಾಲಿನಿಂದ ಎರಡು ಮೀಟರ್ ಮುಂದೆ, ಕಂಬಿಯ ಒಂದು ಬೋಲ್ಟು. ಅದೇ ಬೆಳಕಿಂಡಿ ಕತೆ, ಅಲ್ವಾ? ತಗೊಳ್ಳುವಾಗ ದುಡ್ಡು ಕೊಟ್ಟು ತಜ್ಞರೊಬ್ಬರಿಂದ ಪರೀಕ್ಷೆ ಮಾಡಿಸಿದ್ದೆವು. ಒಣ ಕಾಲದಲ್ಲಿ ಅರ್ಧ ದಿನ ಬಂದು, ಡೆಕ್ಕು ಚೆನ್ನಾಗಿದೆ ಅಂತ ಬರೆದುಕೊಟ್ಟಿದ್ದರು. ಒಳಗೆ ಮಲಗಿದವರಿಗೆ ಮಾತ್ರ ಹನಿ ಎಲ್ಲಿ ಬೀಳುತ್ತೆ ಅಂತ ಗೊತ್ತಾಗುತ್ತೆ. "ಅಲ್ಲೇ ಯಾಕೆ ಇರಬೇಕು, ರಿಪೇರಿ ಆಗೋ ತನಕ ರೂಮ್ ಮಾಡಿ" ಅಂತ ಕೇಳಿದಿರಲ್ಲ, ಅದಕ್ಕೆ ನನ್ನ ಉತ್ತರ ಇದೇ. ಬೀಗ ಹಾಕಿದ ಮನೆ ಎಷ್ಟು ವರ್ಷ ನಿಲ್ಲುತ್ತೆ ಅಂತ ನೀವೇ ನೋಡಿದ್ದೀರಿ.

ಮಡಿಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವಲ್ಲ, ಡೆಕ್ಕಿಗೂ ಹಾಗೇ. ಸಣ್ಣ ಸುತ್ತಿಗೆಯ ಹಿಡಿಕೆಯಿಂದ ಒಂದೊಂದೇ ಗೇಣು ಬಡಿಯುತ್ತಾ ಹೋಗಬೇಕು. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತೆ, ಕೊಳೆತ ಕಡೆ ದಬ್ ಅನ್ನುತ್ತೆ. ದಬ್ ಅಂದ ಕಡೆಯೆಲ್ಲ ಮೇಲಿನ ಪದರ ಕೊಯ್ದು ತೆಗೆದೆವು. ಒಳಗಿನ ಕಟ್ಟಿಗೆ ನೆನೆಸಿದ ಅವಲಕ್ಕಿ ಹಾಗೆ ಆಗಿತ್ತು, ಕಪ್ಪಗೆ. ಚಮಚದಿಂದ ಕೆರೆದು ಬಕೆಟ್ಟಿಗೆ ಹಾಕಿದೆ. ಹೊಸ ಬಾಲ್ಸಾ ಕೂರಿಸಿ, ಮೇಲೆ ಫೈಬರ್ ಬಟ್ಟೆ ಹಾಸಿ, ಎಪಾಕ್ಸಿ ಅನ್ನೋ ಗಟ್ಟಿ ಅಂಟು ಹಚ್ಚಿದೆವು. ಬೋಲ್ಟಿನ ತೂತನ್ನು ಮೊದಲು ದೊಡ್ಡದು ಮಾಡಿ, ಅದರ ತುಂಬಾ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಸಣ್ಣ ತೂತು ಕೊರೆದೆವು. ಮುಂದೆ ಸೀಲಂಟ್ ಬಿರುಕು ಬಿಟ್ಟರೂ ನೀರು ಕಟ್ಟಿಗೆಗೆ ಮುಟ್ಟಲ್ಲ. ಈ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಇಂಥ ಅರವತ್ತೆರಡು ತೂತು ನಾನೇ ಮಾಡಿದ್ದೇನೆ.

ಎಪಾಕ್ಸಿ ಅಂದರೆ ಎರಡು ಡಬ್ಬಿ, ಬೆರೆಸಿದ ಕೂಡಲೇ ಬಿಸಿಯಾಗುತ್ತಾ ಗಟ್ಟಿಯಾಗುತ್ತೆ. ತಂಪು ದೇಶದಲ್ಲಿ ಅರ್ಧ ಗಂಟೆ ಸಿಕ್ಕರೆ, ಅಲ್ಲಿಯ ಬಿಸಿಲಿಗೆ ಲೋಟದಲ್ಲೇ ಹೊಗೆ ಬರುತ್ತೆ. ಒಂದು ಸಲ ಕೈಯಲ್ಲಿದ್ದ ಲೋಟ ಕರಗಿ ಬಾಗಿತು. ಆಮೇಲೆ ಕಲಿತೆವು. ಬೆಳಗಿನ ಜಾವ ಮಾಡಬೇಕು, ಸ್ವಲ್ಪ ಸ್ವಲ್ಪ ಬೆರೆಸಬೇಕು, ಬೆರೆಸಿದ ಕೂಡಲೇ ಅಗಲ ತಟ್ಟೆಗೆ ಸುರುವಬೇಕು, ಶಾಖ ಹರಡಿಹೋಗುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲೆ ಮೇಣದಂಥ ಜಿಡ್ಡು ಕೂರುತ್ತೆ. ಅದನ್ನು ನೀರು ಹಾಕಿ ತೊಳೆಯದೆ ಮೇಲೆ ಇನ್ನೊಂದು ಪದರ ಹಚ್ಚಿದರೆ ಅದು ಹಿಡಿಯಲ್ಲ, ಸಿಪ್ಪೆ ಏಳುತ್ತೆ.

ತೇವ ಎಷ್ಟಿದೆ ಅಂತ ನೋಡೋಕೆ ಮೀಟರ್ ಇದೆ. ಆದರೆ ನಾನು ನಂಬೋದು ಕಾಕು ಕಟ್ಟಿಕೊಟ್ಟ ಕಡಕ್ ರೊಟ್ಟಿಯನ್ನು. ಬೆಳಿಗ್ಗೆ ಎದ್ದು ಡಬ್ಬಿಯಿಂದ ಒಂದು ಚೂರು ತೆಗೆದು ತಟ್ಟೆಯಲ್ಲಿ ಇಡುತ್ತೇನೆ. ಚಹಾ ಮಾಡಿ, ಸಾಮಾನು ಜೋಡಿಸೋ ಹೊತ್ತಿಗೆ ಅದನ್ನು ಮುರಿದು ನೋಡುತ್ತೇನೆ. ಕಟಕ್ ಅಂದರೆ ಎಪಾಕ್ಸಿ ಬೆರೆಸಬಹುದು. ಬಾಗಿದರೆ ಆ ದಿನ ಬಂದ್, ಬೇರೆ ಕೆಲಸ. ಒಂದು ಸಲವೂ ಅದು ತಪ್ಪು ಹೇಳಿಲ್ಲ, ಕಾಕಾ. ಇಲ್ಲಿ ಸಂಕ್ರಾಂತಿಗೆ ಮಾಡಿದ ಎಳ್ಳು ಹಚ್ಚಿದ ರೊಟ್ಟಿ ಬುಟ್ಟಿಯಲ್ಲಿ ಸುಮ್ನೆ ಬಟ್ಟೆ ಮುಚ್ಚಿಟ್ಟಿದ್ದಾಳೆ ಅವ್ವ, ಇವತ್ತಿಗೂ ಗರಿಗರಿ. ಬಾಗಲಕೋಟೆಯ ಈ ಒಣ ಗಾಳಿ ಒಂದು ತಿಂಗಳು ಅಲ್ಲಿ ಸಿಕ್ಕಿದ್ದರೆ ನಾನು ಬೋಟು ಬಿಟ್ಟು ಬರೋ ಪ್ರಸಂಗವೇ ಇರುತ್ತಿರಲಿಲ್ಲ.

ಒಂದು ನಿಮಿಷ ತಡೀರಿ, ಹಾಲಿನವರು ಬಂದರು.

ಹಾಂ. ನಾನು ಯಾಕೆ ಬಂದೆ ಅಂತ ಬಹಳ ಮಂದಿ ಕೇಳುತ್ತಿದ್ದಾರೆ, ಏನೂ ಜಗಳ ಆಗಿಲ್ಲ. ಬೋಟನ್ನು ನೀರಿನಿಂದ ಎತ್ತಿ ದಡದಲ್ಲಿ ಕಂಬಕ್ಕೆ ನಿಲ್ಲಿಸಿದ್ದೇವೆ. ತಳದ ತುಂಬಾ ಗುಳ್ಳೆ ಎದ್ದಿದ್ದವು. ಒಂದನ್ನು ಚುಚ್ಚಿದರೆ ವಿನೆಗರ್ ಥರ ಹುಳಿ ವಾಸನೆಯ ನೀರು ಚಿಮ್ಮಿತು. ಫೈಬರ್ ನೀರು ಕುಡಿಯಲ್ಲ ಅಂತ ನಾನೂ ಅಂದುಕೊಂಡಿದ್ದೆ. ಕುಡಿಯುತ್ತೆ. ವರ್ಷಗಟ್ಟಲೆ ನೀರಿನಲ್ಲಿದ್ದರೆ ಮೇಲಿನ ನುಣ್ಣನೆ ಪದರದೊಳಗೆ ನೀರು ನುಸುಳಿ, ಒಳಗೆ ಫೈಬರನ್ನು ಹಿಡಿದಿಡೋ ರೆಸಿನ್ನಿನಲ್ಲಿ ಉಳಿದ ರಾಸಾಯನಿಕದ ಜೊತೆ ಸೇರಿ, ಇನ್ನಷ್ಟು ನೀರನ್ನು ಎಳಕೊಳ್ಳುತ್ತೆ. ಬೆಚ್ಚಗಿನ ಸಮುದ್ರದಲ್ಲಿ ಇದು ಬೇಗ ಆಗುತ್ತೆ. ಹಾಗಾಗಿ ಆ ಪದರವನ್ನೇ ಪೂರ್ತಿ ಸುಲಿದು ತೆಗೆದಿದ್ದೇವೆ. ಈಗ ಸಿಹಿನೀರಿನಿಂದ ತೊಳೆಯೋದು, ಒಣಗಿಸೋದು, ಮತ್ತೆ ತೊಳೆಯೋದು. ಸಂಜೆ ತಳಕ್ಕೆ ಒಂದು ಚೌಕ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಟೇಪ್ ಅಂಟಿಸುತ್ತೇವೆ. ಹಾಳೆಯ ಒಳಗೆ ಬೆವರು ಕಂಡರೆ ಇನ್ನೂ ನೀರಿದೆ ಅಂತ. ಮೊನ್ನೆಯೂ ಇವರು ಫೋಟೋ ಕಳಿಸಿದ್ದರು, ಬೆವರು ಇತ್ತು. ಅಲ್ಲಿ ಡಿಸೆಂಬರಿಂದ ಮಾರ್ಚ್ ಒಣ ಕಾಲ. ಅಷ್ಟರೊಳಗೆ ಒಣಗಿಸಿ ಎಪಾಕ್ಸಿ ಪದರಗಳು, ಅದರ ಮೇಲೆ ಚಿಪ್ಪುಹುಳು ಹಿಡಿಯದ ಹಾಗೆ ತಾಮ್ರ ಬೆರೆಸಿದ ಬಣ್ಣ, ಇಷ್ಟು ಮುಗಿಸಬೇಕು.

ದಡದ ಮೇಲಿರೋ ಬೋಟಿನಲ್ಲಿ ಇರೋದು ನೀರಿನ ಮೇಲಿರೋದಕ್ಕಿಂತ ಕಷ್ಟ. ರಾತ್ರಿ ಪಾಯಿಖಾನೆಗೆ ಹೋಗಬೇಕಂದರೆ ಹತ್ತು ಅಡಿ ಏಣಿ ಇಳಿದು ಯಾರ್ಡಿನ ಆ ತುದಿಗೆ. ಪಾತ್ರೆ ತೊಳೆದ ನೀರು ಬಿಡೋ ಹಾಗಿಲ್ಲ. ಸೊಳ್ಳೆ. ಫೈಬರಿನ ಧೂಳು ಮೈಗೆ ಚುಚ್ಚಿ ನನಗೆ ಕೈತುಂಬಾ ಗಂಧೆ ಎದ್ದವು. ಅದಕ್ಕೇ ಇವರು "ಎರಡು ತಿಂಗಳು ಅವ್ವನ ಹತ್ತಿರ ಇದ್ದು ಬಾ" ಅಂದರು. ಕಾಕು ಕೊಟ್ಟ ಇಳಕಲ್ ಸೀರೆಯ ಸೆರಗಿಗೂ ಬೂಸು ಹಿಡಿದಿತ್ತು. ಅದನ್ನು ತಂದು ನೆರಳಲ್ಲಿ ಗಾಳಿಗೆ ಹಾಕಿದ್ದೇನೆ. ಒಂದೆರಡು ಕಲೆ ಹೋಗಿಲ್ಲ. ಕಾಕು, ತಪ್ಪು ತಿಳೀಬೇಡಿ.

ಜೀವದ ಭಯ ಅಂದಿರಿ. ಅಲ್ಲಿ ಭೂಮಧ್ಯರೇಖೆ ಹತ್ತಿರ, ಚಂಡಮಾರುತ ಸುಳಿಯೋದು ಬಹಳ ಅಪರೂಪ. ಒಳಗಿನ ಅಪಾಯಗಳೇ ಜಾಸ್ತಿ. ಅಡಿಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳದಲ್ಲಿ ಹೋಗಿ ಕೂರುತ್ತೆ. ಚಹಾ ಇಳಿಸಿದ ಕೂಡಲೇ ಸಿಲಿಂಡರಿನ ವಾಲ್ವ್ ಮುಚ್ಚೋದು ಈಗ ಕೈಗೆ ರೂಢಿ. ಇಲ್ಲಿ ಅವ್ವನ ಅಡಿಗೆಮನೆಯಲ್ಲೂ ಮುಚ್ಚುತ್ತಿದ್ದೇನೆ. ಸಮುದ್ರದ ನೀರು ಒಳಗೆ ಬರೋ ಒಂದೊಂದು ಕೊಳಾಯಿಗೂ ಪಕ್ಕದಲ್ಲೇ, ಮುರಿದರೆ ತೂತಿಗೆ ಬಡಿಯೋಕೆ, ಕಟ್ಟಿಗೆಯ ಬೆಣೆ ದಾರದಿಂದ ಕಟ್ಟಿಟ್ಟಿದ್ದೇವೆ. ಹಳೇ ಹಿತ್ತಾಳೆಯ ಕೊಳಾಯಿ ಒಂದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಿತ್ತಾಳೆಯಲ್ಲಿದ್ದ ಸತು ಎಲ್ಲ ಸಮುದ್ರಕ್ಕೆ ಕರಗಿ ಬರೀ ತಾಮ್ರದ ಟೊಳ್ಳು ಉಳಿದಿತ್ತು, ಇವರು ಕೈಯಿಂದ ತಿರುವಿದರೆ ಮುರಿದು ಬಂತು. ದಡದ ಮೇಲಿದ್ದಾಗ ಮುರಿಯಿತು, ದೇವರು ದೊಡ್ಡವನು. ಎಲ್ಲವನ್ನೂ ಕಂಚಿನದಕ್ಕೆ ಬದಲಾಯಿಸಿದ್ದೇವೆ.

"ನಮ್ಮ ಕಡೆಯವರಿಗೆ ಹಾಯಿದೋಣಿ ಯಾಕೆ" ಅಂತಲೂ ಅಂದಿರಿ. ಮಹದಾಯಿ ಹುಟ್ಟೋದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ. ಅದರ ಹೆಸರನ್ನೇ ಇಟ್ಟು ಗೋವಾದಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿ 'ಮ್ಹಾದೆಯಿ'. ಅದರಲ್ಲೇ ದಿಲೀಪ್ ದೋಂಡೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಒಬ್ಬರೇ ಸುತ್ತಿದರು. 2017-18ರಲ್ಲಿ ನೌಕಾಪಡೆಯ ಇನ್ನೊಂದು ಹಾಯಿದೋಣಿ 'ತಾರಿಣಿ'ಯಲ್ಲಿ ಆರು ಹೆಣ್ಣುಮಕ್ಕಳು ಹೋಗಿ ಬಂದರು. ನಾವು ಭೂಮಿ ಸುತ್ತೋಕೆ ಹೊರಟಿಲ್ಲ. ನಮ್ಮದು ಅಂಡಮಾನ್ ಸಮುದ್ರ ಒಂದೇ, ಸಾಕು.

ಒಂದು ಮಾತು ಹೇಳುತ್ತೇನೆ, ನೋವಾಗಬಾರದು. ನೀವು ನೀರಿಗೆ ಯಾಕೆ ಹೆದರುತ್ತೀರಿ ಅಂತ ನನಗೆ ಗೊತ್ತು. ಹಳೇ ಮನೆ ಹಿನ್ನೀರಿಗೆ ಹೋಗುವಾಗ, ನಾವೆಲ್ಲ ಸಾಮಾನು ಟ್ರ್ಯಾಕ್ಟರಿಗೆ ಹೇರಿ ಹೋದ ಮೇಲೂ ನೀವು ಬಾಗಿಲ ಚೌಕಟ್ಟು ಕಿತ್ತುಕೊಂಡು ಕೊನೆಗೆ ಬಂದಿರಿ. ಈಗಲೂ ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸೋ ಸುದ್ದಿ ಬಂದಾಗೆಲ್ಲ ನಿಮಗೆ ರಾತ್ರಿ ನಿದ್ದೆ ಬರಲ್ಲ ಅಂತ ಅವ್ವ ಹೇಳುತ್ತಾಳೆ. ಆ ಬಾಗಿಲ ಚೌಕಟ್ಟು ಈಗಲೂ ನಿಮ್ಮ ಹಿತ್ತಲಲ್ಲಿ ಇದೆ, ಮೊನ್ನೆ ನೋಡಿದೆ. ವರ್ಷಕ್ಕೊಮ್ಮೆ ಅದಕ್ಕೆ ಎಣ್ಣೆ ಹಚ್ಚುತ್ತೀರಿ. ನಾನೂ ಆ ಬೋಟಿಗೆ ಮಾಡುತ್ತಿರೋದು ಅಷ್ಟೇ, ಕಾಕಾ.

ಅಂದಹಾಗೆ, ರವಿವಾರ ನಮ್ಮ ಮನೆಗೆ ಬನ್ನಿ. ಡೆಕ್ಕಿನ ಫೋಟೋ ಎಲ್ಲ ಫೋನಿನಲ್ಲಿದೆ, ಚಾಕ್ ಗುರುತು ಸಮೇತ. ಮುಂದಿನ ದೊಡ್ಡ ಕಿಂಡಿಯ ಹತ್ತಿರ ಒಂದು ಕಡೆ ಇನ್ನೂ ದಬ್ ಅನ್ನುತ್ತೆ, ನೀರು ಎಲ್ಲಿಂದ ಬರುತ್ತಿದೆ ಅಂತ ನಮಗಿಬ್ಬರಿಗೂ ಹೊಳೆಯುತ್ತಿಲ್ಲ. ಅಜ್ಜನ ಜೊತೆ ಮಾಳಿಗೆ ಹತ್ತಿದವರು ನೀವು, ಒಮ್ಮೆ ನೋಡಿ ಹೇಳಿ. ಬರುವಾಗ ಕಾಕು ಜೊತೆ ಕಡಕ್ ರೊಟ್ಟಿಯ ಮಾತೂ ಆಡಿ ಬನ್ನಿ. ಫೆಬ್ರುವರಿ ಕೊನೆಗೆ ಹೊರಡುತ್ತೇನೆ, ನಲವತ್ತಾದರೂ ಬೇಕು.