ಗೌಡರ ಪಿತ್ತವೂ ನಾಲ್ಕನೆಯ ಮಿರ್ಚಿಯೂ

ಬಾಗಲಕೋಟೆಯ ನವನಗರದಲ್ಲಿ ಸಂಜೆ ಗಿರಮಿಟ್ಟಿನ ಮುಂದೆ ಕುಳಿತರೆ ನಮ್ಮ ಗೌಡರಿಗೆ ಶರೀರಶಾಸ್ತ್ರ ನೆನಪಾಗುತ್ತದೆ. ಕಲ್ಲುಗಳ ಸಮೇತ ಪಿತ್ತಕೋಶವನ್ನು ತೆಗೆಸಿಕೊಂಡ ಮೇಲಂತೂ ಆ ವಿಷಯದಲ್ಲಿ ತಮ್ಮ ಮಾತೇ ಕೊನೆಯದೆಂದು ಅವರು ನಂಬಿದ್ದಾರೆ.

"ಕೋಶವೇ ಇಲ್ಲದವನಿಗೆ ಪಿತ್ತ ನೆತ್ತಿಗೇರುವುದಾದರೂ ಹೇಗೆ?" ಎನ್ನುತ್ತ ಅವರು ಮೂರನೆಯ ಮಿರ್ಚಿಗೆ ಕೈ ಹಾಕಿದರು.

ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ತರರು ಸುಮ್ಮನಿರಲಿಲ್ಲ. "ಗೌಡರೇ, ಆ ಚೀಲ ಬರೀ ಗೋದಾಮು. ಪಿತ್ತರಸ ಹುಟ್ಟುವುದು ಯಕೃತ್ತಿನಲ್ಲಿ. ಅದು ಹರಿಯುವ ದಾರಿಯಲ್ಲಿ ನೀರನ್ನೂ ಆಮ್ಲವನ್ನು ತಣಿಸುವ ಬೈಕಾರ್ಬನೇಟನ್ನೂ ಸೇರಿಸುವುದು ಪಿತ್ತನಾಳದ ಒಳಗೋಡೆಯ ಜೀವಕೋಶಗಳು. ಅದು ಇಳಿಯುವುದು ಕರುಳಿಗೆ, ನೆತ್ತಿಗಲ್ಲ."

"ಆ ಕೋಶಗಳಿಗೆ ಅಪ್ಪಣೆ ಕೊಡುವವರು ಯಾರು?" ಎಂದೆ.

"ಸೆಕ್ರೆಟಿನ್. ಜಠರದ ಆಮ್ಲ ಸಣ್ಣ ಕರುಳಿನ ಬಾಗಿಲಿಗೆ ಬಂದೊಡನೆ ಅಲ್ಲಿಯ ಜೀವಕೋಶಗಳು ಸೆಕ್ರೆಟಿನನ್ನು ರಕ್ತಕ್ಕೆ ಬಿಡುತ್ತವೆ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞರು ಇದನ್ನು ಲಂಡನ್ನಿನಲ್ಲಿ 1902ರಲ್ಲಿ ಕಂಡುಹಿಡಿದರು. ರಕ್ತದಲ್ಲಿ ಹರಿದು ಅಪ್ಪಣೆ ಒಯ್ಯುವ ಇಂಥ ದೂತರಿಗೆ 'ಹಾರ್ಮೋನ್' ಎಂಬ ಹೆಸರು ಬಂದದ್ದು 1905ರಲ್ಲಿ."

"ಅಂದರೆ ತೊಟ್ಟಿಲಿಗೆ ಹಾಕುವ ಮೊದಲೇ ಕೂಸು ನೌಕರಿಗೆ ಸೇರಿತ್ತು," ಎಂದರು ಗೌಡರು.

ಮಾಸ್ತರರು ನಗಲಿಲ್ಲ. ಸೆಕ್ರೆಟಿನ್ ಬಂದು ನಾಳದ ಜೀವಕೋಶವನ್ನು ಮುಟ್ಟಿದರೆ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಏರುತ್ತದೆ, ಅದರಿಂದ ನಾಳದ ಕಡೆಯ ಸಿಎಫ್‌ಟಿಆರ್ ಎಂಬ ಬಾಗಿಲು ತೆರೆದು ಕ್ಲೋರೈಡ್ ಹೊರಬೀಳುತ್ತದೆ, ಬಳಿಕ ಪಕ್ಕದ ಇನ್ನೊಂದು ಪ್ರೋಟೀನು ಆ ಕ್ಲೋರೈಡನ್ನೇ ಒಳಗೆ ಎಳೆದುಕೊಂಡು ಬದಲಿಗೆ ಬೈಕಾರ್ಬನೇಟನ್ನು ಹೊರಗೆ ಕೊಡುತ್ತದೆ ಎಂದು ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಗೌಡರು ಮಿರ್ಚಿಯನ್ನು ಕೆಳಗಿಟ್ಟರು. "ಇದೆಂಥ ಗ್ಯಾಸ್ ಏಜೆನ್ಸಿ, ಮಾಸ್ತರೇ? ತಾನೇ ಊರಿಗೆಲ್ಲ ಖಾಲಿ ಸಿಲಿಂಡರ್ ಹಂಚಿ, ಅವನ್ನೇ ಮರಳಿ ಪಡೆದು ತುಂಬಿದ್ದನ್ನು ಕೊಡುತ್ತದೆಯೇ?"

"ಅಕ್ಷರಶಃ ಹಾಗೆಯೇ. ಖಾಲಿ ಸಿಲಿಂಡರ್ ಹೊರಬೀಳದಿದ್ದರೆ ವ್ಯವಹಾರ ಕುಂಟುತ್ತದೆ. ಸಿಸ್ಟಿಕ್ ಫೈಬ್ರೋಸಿಸ್‌ ಎಂಬ ಆನುವಂಶಿಕ ರೋಗದಲ್ಲಿ ಕೆಡುವುದು ಇದೇ ಬಾಗಿಲು; ಆಗ ಪಿತ್ತರಸ ಗಟ್ಟಿಯಾಗಿ ನಾಳಗಳು ಕಟ್ಟಿಕೊಳ್ಳಬಹುದು."

"ನೀರನ್ನು ಎತ್ತುವ ಪಂಪು ಎಲ್ಲಿದೆ?"

"ನೀರಿಗೆ ಪಂಪೇ ಇಲ್ಲ. ಮಾವಿನ ಹೋಳುಗಳಿಗೆ ಉಪ್ಪು ಹಚ್ಚಿ ಭರಣಿಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ತಳದಲ್ಲಿ ನೀರು ನಿಂತಿರುವುದಿಲ್ಲವೇ? ಲವಣ ಹೋದ ಕಡೆಗೆ ನೀರು ಅಕ್ವಾಪೋರಿನ್ ಎಂಬ ಕಿಂಡಿಗಳ ಮೂಲಕ ತಾನಾಗಿಯೇ ಹೋಗುತ್ತದೆ."

ಹೆಂಡತಿ ಹಾಕಿದ ಉಪ್ಪಿನಕಾಯಿಯಲ್ಲಿ ಇಷ್ಟೊಂದು ವಿಜ್ಞಾನವಿದೆಯೆಂದು ತಿಳಿದಿದ್ದರೆ ಕಳೆದ ಸಲ ಉಪ್ಪು ಹೆಚ್ಚಾಯಿತೆಂದು ಬೈಯುತ್ತಿರಲಿಲ್ಲ ಎಂದು ಗೌಡರು ಒಪ್ಪಿಕೊಂಡರು. ನಂತರ, "ಇದನ್ನೆಲ್ಲ ತಡೆಯುವವರು ಯಾರೂ ಇಲ್ಲವೇ?" ಎಂದು ಕೇಳಿದರು.

"ಸೊಮ್ಯಾಟೊಸ್ಟ್ಯಾಟಿನ್ ಎಂಬ ಇನ್ನೊಂದು ಹಾರ್ಮೋನ್ ಇದೆ. ಅದು ಸೈಕ್ಲಿಕ್ ಎಎಂಪಿಯನ್ನು ತಗ್ಗಿಸಿ ಸ್ರಾವಕ್ಕೆ ಕಡಿವಾಣ ಹಾಕುತ್ತದೆ."

ಗೌಡರು ನಾಲ್ಕನೆಯ ಮಿರ್ಚಿಗೆ ಕೂಗಿದರು. ಅಂಗಡಿಯ ಕಾಕಾ ಬರಿಗೈಯಲ್ಲಿ ಬರಲಿಲ್ಲ. ಉದ್ರಿಯ ಪುಸ್ತಕವನ್ನು ತಂದು ಅವರ ಹೆಸರಿದ್ದ ಪುಟವನ್ನೇ ತೆರೆದು ಮುಂದಿಟ್ಟರು.

"ಬಂತು ನೋಡಿ ಸೊಮ್ಯಾಟೊಸ್ಟ್ಯಾಟಿನ್," ಎಂದರು ಮಾಸ್ತರರು.