‘ಬ್ರೇಕ್ ಫೀಲ್’ಗೆ ಏನನ್ನುವುದು? (ತುರ್ತು)

ಕಾಸರಗೋಡಿನ ಬದಿಯಡ್ಕದಲ್ಲಿ ಗೆಳೆಯನ ಗ್ಯಾರೇಜಿಗೆ ಬೋರ್ಡು ಬರೆಸಬೇಕು. ಪೈಂಟರ್ ನಾಳೆ ಬೆಳಗ್ಗೆಯೇ ಬರುತ್ತಾನೆ. ಮಲಯಾಳದ ಸಾಲು ಆಗಿದೆ, ಕನ್ನಡದ್ದು ಬಾಕಿ. ಬೂಸ್ಟರ್ (ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಭಾಗ) ಇಲ್ಲದ ಹಳೆ ಅಂಬಾಸಿಡರ್, ಪದ್ಮಿನಿಗಳ ‘ಬ್ರೇಕ್ ಫೀಲ್’ ಸರಿಮಾಡುವುದು ಅವನ ಕಸುಬು. ಒತ್ತಿದಾಗ ಉಬ್ಬುವ ಹಳೆ ರಬ್ಬರ್ ಹೋಸ್ ಕಿತ್ತು ಸ್ಟೀಲ್ ಹೆಣೆದದ್ದು ಹಾಕುತ್ತಾನೆ. ಲೈನಿನಲ್ಲಿ ಸೇರಿದ ಗಾಳಿ ತೆಗೆಯುತ್ತಾನೆ. ತೇವ ಹೀರಿದ ಬ್ರೇಕ್ ಆಯಿಲ್ ಚೆಲ್ಲಿ ಡಾಟ್ 4 ದರ್ಜೆಯ ಹೊಸದು ತುಂಬುತ್ತಾನೆ. ಚಕ್ರದ ಡ್ರಮ್ಮಿಗೆ ಒಳಗಿಂದ ಒತ್ತಿ ನಿಲ್ಲಿಸುವ ಶೂಗಳನ್ನು ಅದರ ಹತ್ತಿರಕ್ಕೆ ತರುತ್ತಾನೆ. ಆಮೇಲೆ ಪೆಡಲ್ ಸ್ಪಂಜಿನ ಹಾಗೆ ಕುಸಿಯುವುದಿಲ್ಲ. ಕಾಲಿಗೆ ತಿಳಿಯುವ ಆ ಗಟ್ಟಿತನಕ್ಕೆ ಪದ ಬೇಕು. ‘ಹಿಡಿತ’ ಸಾಕಾ?

ಮರು:
ಸಾಲದು. ಹಿಡಿತ ಚಕ್ರದ ಸಂಗತಿ, ನೀವು ಕೇಳಿದ್ದು ಕಾಲಿನ ಸಂಗತಿ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಸಣ್ಣದು ಹಾಕಿ ನೋಡಿ. ಅಷ್ಟೇ ಒತ್ತಿದರೂ ಹಿಡಿತ ಜಾಸ್ತಿ, ಆದರೆ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ. ದೊಡ್ಡದು ಹಾಕಿದರೆ ಪೆಡಲ್ ಕಲ್ಲು, ಹಿಡಿತ ಕಡಿಮೆ. ಎರಡಕ್ಕೂ ಒಂದೇ ಪದ ಹೇಗೆ ಸ್ವಾಮೀ?

ಮರು:
ಹಿಡಿತವನ್ನು ಸುಮ್ನೆ ಬಿಸಾಡಬೇಡಿ. ಹಳಗನ್ನಡದ ‘ಪಿಡಿ’ಯೇ ನಮ್ಮ ‘ಹಿಡಿ’. ಮಲಯಾಳದಲ್ಲಿ ಪಕಾರ ಇನ್ನೂ ಹಾಗೇ ಇದೆ. ಕುಂಬಳೆ ಪೇಟೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮತ್ತೆ ಈ ‘ಪೆಡಲ್’ ಯಾಕೆ? ‘ಮೆಟ್ಟು’ ಸತ್ತಿದೆಯಾ? ಬ್ರೇಕಿಗೂ ‘ತಡೆ’ ಅನ್ನಿ. ಬೋರ್ಡಿನಲ್ಲೂ ಇಂಗ್ಲಿಷೇ ಆದರೆ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿ ಕನ್ನಡಕ್ಕಾಗಿ ಕೂಗಿದ್ದೆಲ್ಲ ಯಾತಕ್ಕೆ?

ಮರು:
‘ತಡೆ ಸರಿಮಾಡಲಾಗುವುದು’ ಅಂತ ಬರೆಸಿದರೆ ಜನ ಜ್ಯೋತಿಷಿಯ ಮನೆ ಅಂದುಕೊಂಡಾರು. ಬ್ರೇಕು, ಕಾರು, ಬಸ್ಸು ಎಲ್ಲ ಉಕಾರ ಹಚ್ಚಿಕೊಂಡು ಒಳಗೆ ಬಂದಾಗಿದೆ. ನೀವು ದಿನಾ ಓಡಾಡುವ ‘ರಸ್ತೆ’ ಪಾರಸಿ. ಅದಕ್ಕೆ ಯಾರೂ ಉಪವಾಸ ಕೂತಿಲ್ಲ. ಕೇಳಿದವರಿಗೆ ನನ್ನ ಉತ್ತರ: ‘ಹದ’. ಹಲಸಿನ ಹಪ್ಪಳದ ಹಿಟ್ಟಿನ ಹದ ಕೈಗೆ ತಿಳಿಯುತ್ತದೆ, ಇದು ಕಾಲಿಗೆ.

ಮರು:
ರಸ್ತೆ ಬೇಡದವರಿಗೆ ದಾರಿ ಇದೆ. ಹದ ಒಪ್ಪಿದೆ, ಅದೂ ಹಳೆಯ ‘ಪದ’ದಿಂದ ಬಂದದ್ದು. ಮಾತು ಎಂಬ ಅರ್ಥದ ಸಂಸ್ಕೃತದ ಪದ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಬ್ರೇಕು ಒಪ್ಪಿಲ್ಲ.

ಮರು:
ಪೈಂಟರ್ ಬಂದು ಹೋದ. ‘ಹಳೆ ಕಾರುಗಳ ಬ್ರೇಕು ಹದ ಮಾಡಿಕೊಡಲಾಗುವುದು’ ಅಂತ ಬರೆಸಿದೆ. ಪೆಡಲ್, ಮೆಟ್ಟು ಎರಡಕ್ಕೂ ಜಾಗ ಇರಲಿಲ್ಲ.